ಶಿವನಿ ಮರದೊಳಗಿನ ಅಲೆ

ಕಲ್ಕತ್ತೆಯ ಡಮ್ ಡಮ್‌ನ ಆ ಓಣಿಯಲ್ಲಿ ಪೂರ್ವಿಯ ಅಪ್ಪನಿಗೆ ಅವನ ಹೆಸರೇ ಉಳಿದಿರಲಿಲ್ಲ. ಶ್ಯಾಮಸುಂದರ ಎಂದು ಕೇಳಿಕೊಂಡು ಯಾರಾದರೂ ಬಂದರೆ ಮೀನಿನ ಅಂಗಡಿಯವನು ತಲೆ ಕೆರೆದುಕೊಳ್ಳುತ್ತಿದ್ದ. ‘ಕೊಲೊಮ್‌ದಾ’ ಎಂದರೆ ಮಾತ್ರ ಮೂರನೇ ಮಹಡಿಯ ಗಾಜು ಹಾಕಿಸಿದ ಬಾಲ್ಕನಿಯ ಕಡೆಗೆ ನಾಲ್ಕಾರು ಬೆರಳುಗಳು ಒಟ್ಟಿಗೇ ಏಳುತ್ತಿದ್ದವು. ಕೊಲೊಮ್ ಎಂದರೆ ಬಂಗಾಳಿಯಲ್ಲಿ ಪೆನ್ನು. ಅವನು ಓಣಿಗೆಲ್ಲ ಪೆನ್ನಣ್ಣ. ಸಿಯಾಲ್ದಾ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದು ನಿವೃತ್ತನಾದ ವಾರವೇ ಹೊಲಿಗೆ ಯಂತ್ರದಷ್ಟು ದೊಡ್ಡ ಒಂದು ಲೇಥ್ ತಂದು ಬಾಲ್ಕನಿಯಲ್ಲಿ ಕೂರಿಸಿದ್ದ. ಮರದ ತುಂಡನ್ನು ಅದಕ್ಕೆ ಸಿಕ್ಕಿಸಿ, ಗಿರ್ರನೆ ತಿರುಗಲು ಬಿಟ್ಟು, ಉಳಿಯ ಮೊನೆಯನ್ನು ಮೆಲ್ಲಗೆ ತಾಗಿಸಿ ಬೆರಳಿನಷ್ಟು ತೆಳ್ಳಗೆ ಕಡೆದು ಪೆನ್ನು ಮಾಡುತ್ತಿದ್ದ. ಕಡೆಯುವುದು ಅಪ್ಪನ ಕೆಲಸ, ಬಣ್ಣ ಕಟ್ಟುವುದು ಮಗಳದು.

ಹಾಗೆ ಕೆಲಸ ಹಂಚಿಕೊಂಡದ್ದಕ್ಕೆ ಒಂದು ಕಾರಣವಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿಬಿಟ್ಟು ಆಡದ ಕಾರಣ. ಅಪ್ಪನ ಕಣ್ಣಿಗೆ ಕೆಂಪು ಹಸಿರು ಬೇರೆಬೇರೆಯಾಗಿ ಕಾಣುತ್ತಿರಲಿಲ್ಲ.

ಪೂರ್ವಿಯ ತಾತ ಅಶ್ವತ್ಥನಾರಾಯಣ ಮೈಸೂರಿನಿಂದ ಬಂದು ಕಲ್ಕತ್ತೆಯ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವನು. ಅವನ ಮಗನಿಗೆ ರೈಲು ಓಡಿಸುವುದೊಂದೇ ಕನಸು. ಬರವಣಿಗೆಯ ಪರೀಕ್ಷೆಯೆಲ್ಲ ಮುಗಿಸಿ ಕಣ್ಣಿನ ಪರೀಕ್ಷೆಗೆ ಹೋದಾಗ ಅವನನ್ನು ಕತ್ತಲ ಕೋಣೆಯಲ್ಲಿ ಕೂರಿಸಿ ಎದುರಿಗೊಂದು ಲಾಟೀನು ತೋರಿಸಿದರಂತೆ. ಹಗಲಿನ ಸಿಗ್ನಲ್ಲಿಗೆ ಕೈಯಿರುತ್ತದೆ. ಕೈ ಅಡ್ಡಕ್ಕಿದ್ದರೆ ನಿಲ್ಲು, ಇಳಿದಿದ್ದರೆ ಹೋಗು. ಹುಡುಗ ಅಷ್ಟು ವರ್ಷವೂ ಕೈ ನೋಡಿಯೇ ಕಲಿತಿದ್ದ. ಲಾಟೀನಿಗೆ ಕೈಯಿರಲಿಲ್ಲ. ಅವನು ಹಸಿರು ಎಂದದ್ದು ಕೆಂಪಾಗಿತ್ತು, ಕೆಂಪು ಎಂದದ್ದು ಹಸಿರಾಗಿತ್ತು. ಕೆಲಸವೇನೋ ಸಿಕ್ಕಿತು, ಎಂಜಿನ್ನಿನ ಮೇಲಲ್ಲ, ಪಾರ್ಸೆಲ್ ಆಫೀಸಿನ ಮೇಜಿನ ಹಿಂದೆ.

ಇದೆಲ್ಲ ಹಳೆಯ ಕಥೆ, ಗಾಯ ಮಾಯ್ದಿದೆ ಎಂದೇ ಪೂರ್ವಿ ತಿಳಿದಿದ್ದಳು, ಆ ಜನವರಿಯ ಪಾರಾ ಮೇಳದವರೆಗೆ, ಅಂದರೆ ಕೇರಿಯ ಜಾತ್ರೆಯವರೆಗೆ.

ಆಗ ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಭತ್ತದ ಪೈರಿನ ಹಾಗೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅಂಥದ್ದೊಂದು ಕಟ್ಟಡದ ಐದನೇ ಮಹಡಿಯಲ್ಲಿ ಪೂರ್ವಿಗೆ ಪ್ರೋಗ್ರಾಂ ಬರೆಯುವ ಕೆಲಸ. ಮೇಳದ ಆ ಸಂಜೆ ಅವಳ ತಂಡಕ್ಕೆ ಏನೋ ಕೊನೆಯ ಗಡುವು, ಬರುವುದು ತಡವಾಯಿತು. ಆದರೆ ಬೆಳಿಗ್ಗೆಯೇ ಅಂಗಡಿಯ ಮೇಜನ್ನು ಅಚ್ಚುಕಟ್ಟಾಗಿ ಜೋಡಿಸಿ ಹೋಗಿದ್ದಳು: ಕೆಂಪು ಪೆನ್ನುಗಳು ಎಡಕ್ಕೆ, ಹಸಿರು ಬಲಕ್ಕೆ, ಕಂದು ನಡುವೆ. ಅಪ್ಪ ಜಾಗ ನೋಡಿ ಮಾರುತ್ತಿದ್ದ. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಮಂಕಿ ಟೋಪಿ ಹಾಕಿಕೊಂಡು, ಹೊಸ ಬೆಲ್ಲದ ಸಂದೇಶ್ ಮಿಠಾಯಿ ಮೆಲ್ಲುತ್ತ ಬಂದ ಜನ ಪೆನ್ನು ಎತ್ತಿ ನೋಡಿದರು, ಕಾಗದದ ಮೇಲೆ ಗೀಚಿದರು, ಎಲ್ಲೆಂದರಲ್ಲಿ ಇಟ್ಟರು. ಆಮೇಲೆ ಪಾರಾದ ಪಾರ್ಟಿ ಆಫೀಸಿನ ದಾದಾ ಬಂದ. ವೇದಿಕೆಗೆ ಬರುವ ಹಿರಿಯ ಮುಖಂಡರಿಗೆ ಕೊಡಲು ಒಂದು ಒಳ್ಳೆಯ ಕೆಂಪು ಪೆನ್ನು ಬೇಕೆಂದ. ಕೆಂಪೇ ಬೇಕು, ಅವರ ಬಾವುಟದ ಬಣ್ಣ. ಅಪ್ಪ ಎಡಗಡೆಯ ಸಾಲಿನಿಂದ ಎಲ್ಲಕ್ಕಿಂತ ಚೆನ್ನಾಗಿದ್ದುದನ್ನು ಆರಿಸಿ, ಪೆಟ್ಟಿಗೆಯಲ್ಲಿಟ್ಟು, ಬಣ್ಣದ ಕಾಗದ ಸುತ್ತಿ ಕೊಟ್ಟ. ವೇದಿಕೆಯ ಮೇಲೆ, ಮೈಕಿನ ಮುಂದೆ ಮುಖಂಡರು ಪೆಟ್ಟಿಗೆ ಬಿಚ್ಚಿ ಪೆನ್ನನ್ನು ಎತ್ತಿ ಹಿಡಿದರು. ಅದು ಹಸಿರಾಗಿತ್ತು, ಎದುರು ಪಕ್ಷದ ಬಾವುಟದಷ್ಟೇ ಸೊಗಸಾದ ಹಸಿರು.

ಮೈದಾನವೇ ಬಿದ್ದುಬಿದ್ದು ನಕ್ಕಿತು. ದಾದಾನೂ ಕೆಟ್ಟವನಲ್ಲ, ಅವನೂ ನಕ್ಕು ಮೈಕಿನಲ್ಲೇ ಹೇಳಿದ: “ಕೊಲೊಮ್‌ದಾ ನಮ್ಮನ್ನು ಪಕ್ಷಾಂತರ ಮಾಡಿಸಿಬಿಟ್ಟರು ಕಣ್ರಪ್ಪ.” ಯಾರ ಮನಸ್ಸಿನಲ್ಲೂ ವಿಷವಿರಲಿಲ್ಲ. ಬಸ್ಸಿಳಿದು ಓಡೋಡಿ ಬಂದ ಪೂರ್ವಿಗೆ ಮೊದಲು ಕೇಳಿಸಿದ್ದು ಆ ನಗೆ, ಆಮೇಲೆ ಕಂಡದ್ದು ಅಪ್ಪನ ಮುಖ. ಅವನು ಮೇಜಿನ ಮೇಲಿನ ಪೆನ್ನುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದ, ಯಾವುದು ಯಾವುದೆಂದು ಬೆರಳಾದರೂ ಹೇಳೀತೇನೋ ಎಂಬಂತೆ.

ಮರುದಿನ ಅವನು ಲೇಥಿನ ವಯರು ಕಿತ್ತು ಸುರುಳಿ ಸುತ್ತಿಟ್ಟ. “ಸಾಕು ಪುಟ್ಟಿ,” ಎಂದ. “ಬಣ್ಣ ಗೊತ್ತಿಲ್ಲದೋನು ಬಣ್ಣದ ಸಾಮಾನು ಮಾರೋದು ಅಂದ್ರೆ ಏನರ್ಥ. ಬೌಬಜಾರಿನಲ್ಲಿ ಒಬ್ಬ ಕುರ್ಚಿ ಕಾಲು ಮಾಡೋನಿದಾನೆ. ಈ ತಿಂಗಳ ಕೊನೆ ಭಾನುವಾರ ಬಂದು ಲೇಥ್ ತಗೊಂಡು ಹೋಗ್ತಾನೆ. ಮಾತಾಡಿಯಾಯ್ತು.”

“ಜನ ನಕ್ರೆ ನಗ್ಲಿ ಬಿಡಪ್ಪಾ.”

“ನಾನೂ ನಕ್ಕೆ. ಅದೇ ಕಷ್ಟ ಆಗಿದ್ದು.”

ಅಡುಗೆಮನೆಯಿಂದ ಅಜ್ಜಿ ಮಹಾಲಕ್ಷ್ಮಿ ಗೊಣಗಿದಳು. “ನನ್ನ ಮಗನ ಕಣ್ಣಿಗೆ ಏನಾಗಿದೆಯಂತೆ? ನಮ್ಮಪ್ಪನೂ ಹಾಗೇ ಇದ್ರು. ಹಣ್ಣು ಮೆಣಸಿನಕಾಯಿ ತನ್ನಿ ಅಂದ್ರೆ ಹಸಿಕಾಯಿ ತರ್ತಿದ್ರು. ಅದಕ್ಕೆ ಯಾರೂ ಸಂತೆಗೆ ಹೋಗೋದು ಬಿಡಿಸಲಿಲ್ಲ.”

“ಅವರನ್ನ ಯಾರೂ ಮೈಕಿನಲ್ಲಿ ಕೂಗಲಿಲ್ಲ ಕಣಮ್ಮ,” ಎಂದ ಅಪ್ಪ, ಪತ್ರಿಕೆ ಬಿಡಿಸಿಕೊಂಡ.

ರಾತ್ರಿ ಸಿಲಿಗುರಿಯಿಂದ ಅಮ್ಮ ಸಾವಿತ್ರಿ ಫೋನ್ ಮಾಡಿದಳು. ಅವಳ ಬ್ಯಾಂಕು ಅವಳನ್ನು ಅಲ್ಲಿಗೆ ವರ್ಗ ಮಾಡಿದ್ದರಿಂದ ಆಗಾಗ ರಜೆ ಹಾಕಿಕೊಂಡು ಬಂದು ಹೋಗುತ್ತಿದ್ದಳು. “ಅವರನ್ನ ಒತ್ತಾಯ ಮಾಡಬೇಡ ಪೂರ್ವಿ,” ಎಂದಳು. “ಆ ಲಾಟೀನಿನ ವಿಷಯ ನಂಗೆ ಹೇಳಿದ್ದೇ ಮದುವೆ ಆಗಿ ಎಷ್ಟೋ ವರ್ಷದ ಮೇಲೆ. ಅವರಾಗೇ ಬರಬೇಕು.”

ಬಾಲ್ಕನಿ ಮೌನವಾಯಿತು. ಆಫೀಸಿನಿಂದ ಬಂದು ಬ್ಯಾಗು ಬಿಸಾಕಿ, ಟೀ ಲೋಟ ಹಿಡಿದು, ಮರದ ಹೊಟ್ಟಿನ ಘಮದಲ್ಲಿ ಅಪ್ಪನ ಪಕ್ಕ ಕೂರುವ ಒಂದು ತಾಸು ಪೂರ್ವಿಯ ದಿನದಲ್ಲಿ ಹೊಂಡದ ಹಾಗೆ ಖಾಲಿ ಬಿತ್ತು. ಆ ತಾಸಿಗಾಗಿಯೇ ತಾನು ಉಳಿದ ಇಪ್ಪತ್ಮೂರು ತಾಸು ಬದುಕುತ್ತಿದ್ದೆನೇನೋ ಎಂದು ಅವಳಿಗೆ ಈಗ ಅನ್ನಿಸತೊಡಗಿತು. ಅಪ್ಪ ಟಿವಿಯ ಮುಂದೆ ಕೂತು ಯಾವುದೋ ಚಾನೆಲ್ಲಿನಲ್ಲಿ ಯಾವುದೋ ಮ್ಯಾಚು ನೋಡುತ್ತಿದ್ದ. ಸ್ಕೋರು ಕೇಳಿದರೆ ಅವನಿಗೂ ಗೊತ್ತಿರುತ್ತಿರಲಿಲ್ಲ.

ಲೇಥಿನ ಪಕ್ಕದ ಹಲಗೆಯ ಮೇಲೆ ಒಂದು ಪೆನ್ನು ಬಣ್ಣವಿಲ್ಲದೆ ಉಳಿದಿತ್ತು, ಮೈ ಒಂದು, ಮುಚ್ಚಳ ಒಂದು. ಮೇಳಕ್ಕೆ ಮೊದಲು ಅಪ್ಪ ಕಡೆದಿಟ್ಟದ್ದು. ನೀಮ್‌ತಲಾದ ಗಂಗೆಯ ದಂಡೆಯಲ್ಲಿ ಮರದ ಮಂಡಿ ಇಟ್ಟಿರುವ ಬಸುಬಾಬು ಕೊಟ್ಟ ತುಂಡಿನಲ್ಲಿ ಕೊನೆಯದು. ಮರ ಶಿವನಿ, ಬಂಗಾಳಿಗಳು ಗಾಮಾರ್ ಎನ್ನುತ್ತಾರೆ. ಕೆನೆಯ ಬಣ್ಣದ ಮೆದು ಮರ. ಸಾಮಾನ್ಯ ಶಿವನಿಯಲ್ಲಿ ನಾರು ನೆಟ್ಟಗೆ ಓಡುತ್ತದೆ. ಆದರೆ ಎಲ್ಲೋ ಒಂದೊಂದು ಮರದಲ್ಲಿ ಅದು ನೆಟ್ಟಗೆ ಓಡದೆ ಬಳುಕುತ್ತದೆ, ಬುಡದಿಂದ ಕೊಂಬೆಯವರೆಗೆ ಅಲೆಅಲೆಯಾಗಿ. ಅಂಥ ಮರವನ್ನು ಬಡಗಿಗಳು ಬೈಯುತ್ತಾರೆ, ಉಜ್ಜುಗೊರಡು ಹಾಕಿದರೆ ಸಿಬಿರು ಸಿಬಿರಾಗಿ ಕೀಳುತ್ತದೆಂದು ಒಲೆಗೆ ಹಾಕುತ್ತಾರೆ. ಅದು ಒಲೆಗೆ ಹೋಗುವ ಮೊದಲು ಬಸುಬಾಬು ಅಪ್ಪನಿಗೆ ಫೋನ್ ಮಾಡುತ್ತಿದ್ದ. “ದಾದಾ, ಒಂದು ಹುಚ್ಚು ಮರ ಬಂದಿದೆ, ಬನ್ನಿ.”

ಆ ಹುಚ್ಚಿಗೂ ಅಜ್ಜಿಯ ಬಳಿ ಒಂದು ಕಥೆಯಿತ್ತು. ಪೂರ್ವಿ ಚಿಕ್ಕವಳಾಗಿದ್ದಾಗ, ತಲೆಯ ಮೇಲೆ ವಿಮಾನಗಳು ಇಳಿಯುವ ಸದ್ದಿಗೆ ಹೆದರಿ ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿದಾಗ ಹೇಳಿದ್ದು. ಒಂದೂರಲ್ಲಿ ಒಂದು ಹೊಳೆಯಿತ್ತಂತೆ, ಹದಿನಾರು ವರ್ಷದ ಹುಡುಗಿಯಂಥ ಹೊಳೆ. ಮುದುಕ ಸಮುದ್ರರಾಜ ಅವಳನ್ನು ಮದುವೆಯಾಗುತ್ತೇನೆಂದು ದಿಬ್ಬಣ ಹೊರಡಿಸಿದನಂತೆ. ಹೊಳೆ ಹೆದರಿ, ದಂಡೆಯ ಮೇಲೆ ನಿಂತಿದ್ದ ಮರದ ಕಾಲು ಹಿಡಿದು “ಅಣ್ಣಾ, ನನ್ನ ಬಚ್ಚಿಡು” ಎಂದಳಂತೆ. ಮರ ಅವಳನ್ನು ಬೇರಿನಿಂದ ಪೂರ್ತಿ ಕುಡಿದುಬಿಟ್ಟಿತಂತೆ. ದಿಬ್ಬಣ ಬಂದು ನೋಡಿದರೆ ಬರೀ ಮರಳು. ಹೊಳೆ ಇನ್ನೂ ಮರದ ಹೊಟ್ಟೆಯಲ್ಲೇ ಇದ್ದಾಳಂತೆ, ಅಲೆಗಳ ಸಮೇತ. ಕಬ್ಬಿಣ ತಾಗಿದರೆ ಸಮುದ್ರ ಬಂದನೆಂದು ಕಿರುಚುತ್ತಾಳಂತೆ.

ಮೊದಲ ಸಲ ಅಲೆ ಬಿದ್ದ ಮರಕ್ಕೆ ಬಣ್ಣ ಹಚ್ಚಿದ ದಿನ ಪೂರ್ವಿ ಆ ಕಥೆಯನ್ನು ನಂಬಿದಳು. ದೊಡ್ಡವಳಾಗಿ, ಕೆಲಸಕ್ಕೆ ಸೇರಿ, ಸಂಬಳ ತರುವ ವಯಸ್ಸಿನಲ್ಲಿ ನಂಬಿದಳು. ಬಡಾಬಜಾರಿನಿಂದ ತಂದ ಬಣ್ಣದ ಪುಡಿಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಮೊದಲು ಕಡುಗಪ್ಪು ಕಟ್ಟುತ್ತಾರೆ. ಇಡೀ ತುಂಡು ಇದ್ದಲಿನ ಹಾಗಾಗುತ್ತದೆ, ನೋಡಿದವರು ಅಯ್ಯೋ ಎನ್ನಬೇಕು. ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಆ ಕಪ್ಪನ್ನೆಲ್ಲ ತೆಗೆದುಹಾಕಬೇಕು. ಹೋಗುತ್ತದೆ, ಆದರೆ ಎಲ್ಲ ಹೋಗುವುದಿಲ್ಲ. ನಾರು ಎಲ್ಲಿ ಬಳುಕಿ ತನ್ನ ಕತ್ತರಿಸಿದ ತುದಿಯನ್ನು ಮೇಲಕ್ಕೆ ತೋರಿಸುತ್ತದೋ ಅಲ್ಲಿ ಮರ ಬಾಯಾರಿದಂತೆ ಬಣ್ಣ ಕುಡಿದಿರುತ್ತದೆ, ಅದು ಉಳಿಯುತ್ತದೆ. ಅದರ ಮೇಲೆ ಕೆಂಪನ್ನೋ ಹಸಿರನ್ನೋ ಕಟ್ಟಬೇಕು. ಒಣಗಿದಾಗ ಅದೂ ಸಪ್ಪೆ, ಸುಣ್ಣದ ಗೋಡೆಯ ಹಾಗೆ. ಕೊನೆಗೆ ಅರಗಿನ ಪಾಲಿಶ್ ಅದ್ದಿದ ಬಟ್ಟೆಯನ್ನು ಒಂದು ಸಲ ಎಳೆದಾಗ ಮಾತ್ರ ಒಳಗಿನಿಂದ ಯಾರೋ ದೀಪ ಹಚ್ಚಿದಂತಾಗುತ್ತದೆ. ಪೆನ್ನನ್ನು ತಿರುಗಿಸಿದರೆ ಕಪ್ಪಿದ್ದಲ್ಲಿ ಬೆಳಕು, ಬೆಳಕಿದ್ದಲ್ಲಿ ಕಪ್ಪು; ಗಟ್ಟಿ ಮರದೊಳಗೆ ಅಲೆ ಓಡುತ್ತದೆ. ಬೆರಳಿಗೆ ನುಣ್ಣಗೆ ಹತ್ತುವ ಮೈ, ಕಣ್ಣಿಗೆ ಮಾತ್ರ ಉಬ್ಬುತಗ್ಗು. ಅದೆಷ್ಟು ಸಲ ಮಾಡಿದರೂ ಆ ಒಂದು ಕ್ಷಣದಲ್ಲಿ ಪೂರ್ವಿಯ ಉಸಿರು ನಿಲ್ಲುತ್ತಿತ್ತು.

ಇದನ್ನು ಅಪ್ಪ ಒಂದು ಸಲವೂ ಕಂಡಿಲ್ಲವಲ್ಲ ಎಂಬುದು ಅವಳ ಒಳಗೊಳಗಿನ ಕೊರಗಾಗಿತ್ತು. ಅವನು ಕಡೆದು ಕೊಡುತ್ತಾನೆ, ಅವಳು ಹೊಳೆಯನ್ನು ಎಬ್ಬಿಸುತ್ತಾಳೆ, ಅವನಿಗೆ ಮಾತ್ರ ಅದು ಕೆಸರು.

ಒಂದು ದಿನ ಊಟದ ವಿರಾಮದಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಅವಳು ಬಣ್ಣಗುರುಡಿನ ಬಗ್ಗೆ ಹುಡುಕಿದಳು. ಇಷ್ಟು ವರ್ಷ ಏಕೆ ಹುಡುಕಲಿಲ್ಲವೋ ಅವಳಿಗೇ ಗೊತ್ತಿಲ್ಲ. ಮನೆಯಲ್ಲಿ ಆಡಬಾರದ ಮಾತು ಮನಸ್ಸಿನಲ್ಲೂ ಆಡಬಾರದ್ದಾಗಿ ಉಳಿದಿತ್ತೇನೋ. ಅಲ್ಲಿ ಬರೆದಿತ್ತು: ಕೆಂಪು ಹಸಿರು ಬೆರೆತು ಕಾಣುವವರಲ್ಲಿ ಹೆಚ್ಚಿನವರಿಗೆ ನೀಲಿ ಮತ್ತು ಹಳದಿ ಚೆನ್ನಾಗಿಯೇ ಕಾಣುತ್ತವೆ.

ಪೂರ್ವಿ ಪರದೆಯನ್ನೇ ನೋಡುತ್ತ ಕೂತಳು. ನೀಲಿ. ಜನ ಕೇಳುವುದು ಕೆಂಪು, ಹಸಿರು, ಕಂದು ಎಂದು ಅವಳು ಒಂದು ದಿನವೂ ನೀಲಿ ಕಟ್ಟಿರಲಿಲ್ಲ. ಹಲಗೆಯ ಮೇಲಿನ ಆ ಕೊನೆಯ ಪೆನ್ನು ನೀಲಿ ಹಳದಿಯಲ್ಲಿ ಎದ್ದರೆ ಅಪ್ಪನಿಗೆ ಕಾಣುತ್ತದೆ. ಕಂಡರೆ ಅವನು ಲೇಥನ್ನು ಹೇಗೆ ಕೊಟ್ಟಾನು.

ಹಿಂದೆ ಕಡೆದು ಉಳಿದು ಡಬ್ಬಿಯಲ್ಲಿ ಹಾಕಿಟ್ಟಿದ್ದ ಚೂರುಗಳ ಮೇಲೆ ಪ್ರಯೋಗ ಶುರುವಾಯಿತು. ಮೊದಲು ನೀಲಿ ಕಟ್ಟಿ, ಉಜ್ಜಿ, ಮೇಲೆ ಹಳದಿ ಕಟ್ಟಿದಳು. ನೀಲಿಯ ಮೇಲೆ ಬಿದ್ದ ಹಳದಿ ಹಸಿರಾಯಿತು. ಮೊದಲು ಹಳದಿ, ಆಮೇಲೆ ನೀಲಿ ಹಾಕಿ ನೋಡಿದಳು. ಆಗಲೂ ಹಸಿರೇ. ಚಿಕ್ಕ ಮಕ್ಕಳಿಗೆ ಗೊತ್ತಿರುವ ಸಂಗತಿ, ಅವಳಿಗೆ ಹೊಳೆದಿರಲಿಲ್ಲ. ಯಾವ ಬಣ್ಣದಿಂದ ಓಡುತ್ತಿದ್ದಳೋ ಅದೇ ಬಾಗಿಲು ತೆಗೆಯುತ್ತಿತ್ತು.

“ಏನೇ ಅದು, ಸೊಪ್ಪು ಬೇಯಿಸ್ತಿದೀಯ?” ಬಣ್ಣದ ಬಟ್ಟಲನ್ನು ನೋಡಿ ಅಜ್ಜಿ ಕೇಳಿದಳು.

“ನೀಲಿ ಹಳದಿ ಸೇರಿದ್ರೆ ಹಸಿರಾಗತ್ತೆ ಅಜ್ಜಿ. ಹಸಿರಾಗಬಾರದು.”

“ಸೇರಿದ್ರೆ ತಾನೆ ಆಗೋದು. ಒಬ್ಬರ ಮನೆಗೆ ಇನ್ನೊಬ್ಬರನ್ನ ಯಾಕೆ ಕರೀತೀಯ?” ಎಂದು ಅಜ್ಜಿ ಕಾಫಿ ಬೆರೆಸಲು ಒಳಗೆ ಹೋದಳು.

ಪೂರ್ವಿ ಬ್ರಷ್ ಕೆಳಗಿಟ್ಟಳು. ಶಿವನಿ ತಾನೇ ಕೆನೆಹಳದಿ. ಅದಕ್ಕೆ ಬೇರೆ ಹಳದಿ ಏಕೆ? ಬರೀ ನೀಲಿ ಕಟ್ಟಿ, ಅಲೆಯ ಒಳಗಷ್ಟೇ ಉಳಿಯುವ ಹಾಗೆ ಉಜ್ಜಿಬಿಟ್ಟರೆ ಉಳಿದ ಜಾಗದಲ್ಲಿ ಮರದ ಮೈಯೇ ಹಳದಿ. ಒಂದು ಚೂರಿನ ಮೇಲೆ ಮಾಡಿದಳು, ಸ್ಪಿರಿಟ್‌ನಿಂದ ಒದ್ದೆ ಮಾಡಿ ಬೆಳಕಿಗೆ ಹಿಡಿದಳು. ನೀಲಿ ನೀಲಿಯಾಗಿಯೇ ಇತ್ತು. ಅದರ ಪಕ್ಕದಲ್ಲಿ ಮರ ಎಳೆ ಬಿಸಿಲಿನ ಹಾಗೆ ಇತ್ತು. ಸ್ಪಿರಿಟ್ ಆರುವವರೆಗೆ ಅವಳು ಅದನ್ನು ನೋಡುತ್ತಲೇ ನಿಂತಳು.

ಶನಿವಾರ ಬಂತು. ಮರುದಿನವೇ ಬೌಬಜಾರಿನವನು ಬರುವವನು. ಪೂರ್ವಿ ಬೆಳಿಗ್ಗೆಯಿಂದ ಬಾಲ್ಕನಿಯ ಬಾಗಿಲು ಹಾಕಿಕೊಂಡು ಕೂತಳು. ನೀಲಿ ಕಟ್ಟಿದಳು, ಒಣಗಲು ಬಿಟ್ಟಳು, ಉಜ್ಜಿದಳು. ಒರಟು ಕಾಗದದಿಂದ ನಯದ್ದಕ್ಕೆ, ನಯದ್ದರಿಂದ ಇನ್ನೂ ನಯದ್ದಕ್ಕೆ. ಬೆರಳಿನ ತುದಿ ನೀಲಿಗಟ್ಟಿತು. ಅಪ್ಪ ಒಂದೆರಡು ಸಲ ಬಾಗಿಲ ಆಚೆ ಬಂದು ನಿಂತದ್ದು ಗಾಜಿನಲ್ಲಿ ಮಸುಕಾಗಿ ಕಾಣಿಸಿತು, ಒಳಗೆ ಬರಲಿಲ್ಲ. ಬಿಸಿಲು ಎದುರು ಮನೆಯ ನೀರಿನ ಟ್ಯಾಂಕಿನ ಹಿಂದೆ ಇಳಿಯುವ ಹೊತ್ತಿಗೆ ಪಾಲಿಶ್ ಒಂದೇ ಬಾಕಿ. ಅವಳು ಯಾವಾಗಲೂ ಬಳಸುವ ಶೀಷೆಯಿಂದ ಅರಗಿನ ಪಾಲಿಶನ್ನು ಬಟ್ಟೆಗೆ ಸುರಿದು, ಉಸಿರು ಹಿಡಿದು, ಒಂದು ಸಲ ಎಳೆದಳು.

ಅಲೆ ಎದ್ದಿತು. ಹಸಿರಾಗಿ ಎದ್ದಿತು.

ಕ್ಷಣಕಾಲ ಅವಳಿಗೆ ಏನಾಯಿತೆಂದೇ ತಿಳಿಯಲಿಲ್ಲ. ಆಮೇಲೆ ಶೀಷೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಅರಗು ಜೇನಿನ ಬಣ್ಣದ್ದು. ಕೆಂಪಿನ ಮೇಲೆ, ಕಂದಿನ ಮೇಲೆ ಇಷ್ಟು ವರ್ಷ ಅದು ಬೆಚ್ಚನೆಯ ಹೊಳಪು ಕೊಡುತ್ತಿತ್ತೇ ಹೊರತು ತನ್ನ ಬಣ್ಣವನ್ನು ತೋರಿಸಿಕೊಂಡಿರಲಿಲ್ಲ. ನೀಲಿಯ ಮೇಲೆ ಬಂದಾಗ ಹಳದಿಯಾಗಿ ಸೇರಿಕೊಂಡಿತು. ಚೂರಿನ ಮೇಲೆ ಅವಳು ಬರೀ ಸ್ಪಿರಿಟ್ ಹಾಕಿ ನೋಡಿದ್ದಳು, ಪಾಲಿಶ್ ಹಾಕಿ ನೋಡಿರಲಿಲ್ಲ. ತೊಳೆಯಲು ಹೋದರೆ ಸ್ಪಿರಿಟ್ ನೀಲಿಯನ್ನೂ ಎಬ್ಬಿಸುತ್ತದೆ, ಮತ್ತೆ ಉಜ್ಜಲು ಹೋದರೆ ತೆಳ್ಳಗೆ ಕಡೆದ ಮರದಡಿಯಿಂದ ಪೆನ್ನಿನೊಳಗೆ ಅಂಟಿಸಿದ ಹಿತ್ತಾಳೆಯ ಕೊಳವೆ ಇಣುಕುತ್ತದೆ. ಪೆನ್ನಾಗುವಷ್ಟು ಉದ್ದದ ಇಂಥ ಮರ ಇನ್ನೊಂದು ತುಂಡಿಲ್ಲ.

ಬಾಗಿಲು ತೆರೆದುಕೊಂಡಿತು. ಅಪ್ಪ ಅವಳ ಮುಖ ನೋಡಿ ಮೋಡ ಎಳೆದು ಅವಳ ಎದುರೇ ಕೂತ. ಮೋಡ ಎಂದರೆ ಬೆತ್ತದ ಕುಳ್ಳ ಪೀಠ, ಆ ಬಂಗಾಳಿ ಮಾತು ಮನೆಯಲ್ಲಿ ಕನ್ನಡವೇ ಆಗಿಹೋಗಿತ್ತು.

“ಏನಾಯ್ತು ಪುಟ್ಟಿ?”

“ಹಾಳಾಯ್ತು. ಹಸಿರಾಗಿಹೋಯ್ತು.”

“ಆದ್ರೆ ಏನು, ಹಸಿರು ಕೇಳೋರೂ ಇದಾರಲ್ಲ. ದಾದಾಗೆ ಬೇಡದಿದ್ರೆ ಎದುರು ಪಾರ್ಟಿಯೋರಿಗೆ ಕೊಡು.”

ಅವಳು ನಗಲಿಲ್ಲ. “ಇದು ಮಾರೋದಕ್ಕಲ್ಲ ಅಪ್ಪಾ. ನಿಂಗೆ ನೀಲಿ ಕಾಣತ್ತೆ ಅಂತ ಓದಿದೆ. ನಾನು ನೋಡೋದನ್ನ ನೀನು ಒಂದ್ಸಲ ನೋಡ್ಲಿ ಅಂತ ಮಾಡಿದೆ.” ಇಷ್ಟು ವರ್ಷ ಆಡದ ಮಾತು ಆಡಿಬಿಟ್ಟಿದ್ದಳು.

ಅಪ್ಪ ಕೈ ಚಾಚಿ ಪೆನ್ನಿನ ಮೈಯನ್ನು ತೆಗೆದುಕೊಂಡು ಕಿಟಕಿಯ ಕಡೆ ತಿರುಗಿಸಿದ. ಹೆಬ್ಬೆರಳು ತೋರುಬೆರಳ ನಡುವೆ ಅದನ್ನು ನಿಧಾನವಾಗಿ ಉರುಳಿಸಿದ. ಅವನ ಮುಖದ ಗೆರೆಗಳು ಒಂದೊಂದಾಗಿ ಸಡಿಲವಾದವು.

“ಹಾಳಾಗಿಲ್ವಲ್ಲೇ,” ಎಂದ. “ಇಷ್ಟು ಚೆನ್ನಾಗಿ ನೀನು ಯಾವತ್ತೂ ಉಜ್ಜಿರಲಿಲ್ಲ. ಎರಡೂ ಕಾಣ್ತಿದಾವೆ.”

“ಎರಡು ಬಣ್ಣಾನಾ?”

“ಬಣ್ಣದ ಮಾತು ಬಿಡು. ಎರಡು ಅಲೆ.”

ಪೂರ್ವಿ ಕಣ್ಣೊರೆಸಿಕೊಂಡಳು. “ಯಾವ ಎರಡು ಅಲೆ?”

“ದೊಡ್ಡದು ಅಡ್ಡಕ್ಕೆ ಬರತ್ತಲ್ಲ, ಹೊಳೆ ಹಾಗೆ. ಅದರ ಮೇಲೆ ಉದ್ದಕ್ಕೆ ಹೋಗೋದು ಸಣ್ಣದು. ಗಾಳಿ ಊದಿದ ಹಾಗೆ, ಸುಕ್ಕು ಸುಕ್ಕಾಗಿ.” ಅವಳು ಅವನ ಮುಖವನ್ನೇ ನೋಡಿದಾಗ ಅವನು ಗೊಂದಲಗೊಂಡ. “ಯಾಕೇ? ಅದೇ ತಾನೆ ಈ ಮರದಲ್ಲಿರೋ ಚೆಂದ.”

ಪೂರ್ವಿ ಪೆನ್ನನ್ನು ಕಸಿದುಕೊಂಡಂತೆ ತೆಗೆದುಕೊಂಡಳು. ಹಸಿರು ಪಟ್ಟೆ, ಕೆನೆಯ ಪಟ್ಟೆ, ಹಸಿರು ಪಟ್ಟೆ. ತಿರುಗಿಸಿದಳು, ಓರೆ ಮಾಡಿದಳು. ಬೇರೇನೂ ಇಲ್ಲ. “ತಮಾಷೆ ಮಾಡ್ತಿದೀಯ.”

“ನಾನ್ಯಾಕೆ ಮಾಡ್ಲಿ. ಆ ಸಣ್ಣ ಅಲೆ ಮೇಲ್ಗಡೆ ಬರೋ ಹಾಗೇ ಅಲ್ವ ನಾನು ತುಂಡು ಕುಯ್ಯೋದು. ಬಸುಬಾಬು ಹತ್ರ ಅರ್ಧ ದಿನ ಕೂತು ಹಲಗೆ ಮಗುಚಿ ಹಾಕೋದು ಮತ್ಯಾಕೆ ಅಂದ್ಕೊಂಡೆ? ಪ್ರತಿಯೊಂದು ಪೆನ್ನಲ್ಲೂ ಇದೆ ಅದು.”

“ನಂಗೆ ಯಾವತ್ತೂ ಹೇಳಲೇ ಇಲ್ವಲ್ಲಪ್ಪಾ.”

“ಹೇಳೋದೇನು?” ಅವನು ನಿಜವಾಗಿಯೂ ಬೆರಗಾಗಿದ್ದ. “ನಿಂಗೆ ಕಾಣ್ತಿದೆ ಅಂದ್ಕೊಂಡಿದ್ದೆ. ಎಲ್ಲರಿಗೂ ಕಾಣತ್ತೆ ಅಂದ್ಕೊಂಡಿದ್ದೆ. ಎಲ್ಲರಿಗೂ ಇದು ಕಾಣತ್ತೆ, ಅದರ ಮೇಲೆ ಬಣ್ಣಾನೂ ಕಾಣತ್ತೆ, ನಂಗೊಬ್ಬನಿಗೇ ಕಮ್ಮಿ ಅಂತ.”

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂತರು. ಕೆಳಗೆ ರಿಕ್ಷಾದವನೊಬ್ಬ ಗಂಟೆ ಬಾರಿಸುತ್ತ ಹೋದ. ಪೂರ್ವಿ ಎದ್ದು ದೀಪದ ಸ್ವಿಚ್ಚಿಗೆ ಕೈ ಹಾಕಿದಾಗ ಅಪ್ಪ ತಡೆದ.

“ಹಾಕಬೇಡ. ಬೆಳಕು ಜಾಸ್ತಿ ಆದಷ್ಟೂ ಬಣ್ಣ ನಿನ್ನ ಕಣ್ಣು ಕಟ್ಟತ್ತೆ. ಇನ್ನೊಂಚೂರು ಕತ್ತಲಾಗ್ಲಿ. ಮುಸ್ಸಂಜೇಲಿ ಎಲ್ಲರೂ ನನ್ನ ಹಾಗೇ ಆಗ್ತಾರೆ. ಆ ಹೊತ್ತಲ್ಲಿ ನಿಮ್ಮಜ್ಜಿಗೂ ಸೀರೆ ಬಣ್ಣ ತಿಳಿಯಲ್ಲ, ಕೇಳು ಬೇಕಾದ್ರೆ.”

ಕೂತರು. ಒಂದು ಮನೆಯಲ್ಲಿ ಸಂಜೆಯ ಶಂಖ ಊದಿದರು, ಓಣಿಯ ತುದಿಯ ಇನ್ನೊಂದು ಮನೆ ಅದಕ್ಕೆ ಓಗೊಟ್ಟಿತು. ಎದುರು ಟೆರೇಸಿನ ತಂತಿಯ ಮೇಲೆ ಒಣಗುತ್ತಿದ್ದ ಕೆಂಪು ಸೀರೆ ಕಂದಾಯಿತು, ಕಂದಿನಿಂದ ಬೂದಿಯಾಗಿ ತಂತಿಯ ಮೇಲಿನ ಬರೀ ಒಂದು ಆಕಾರವಾಯಿತು. ಹೂಕುಂಡದ ಎಲೆಗಳೂ ಹಾಗೇ ಆದವು. ಲೋಕದಿಂದ ಬಣ್ಣ ಹೀಗೆ ದಿನವೂ ಎದ್ದು ಹೋಗುತ್ತದೆಂದು ಪೂರ್ವಿ ಯಾವತ್ತೂ ಕೂತು ನೋಡಿರಲಿಲ್ಲ. ಆ ಹೊತ್ತಿನಲ್ಲಿ ಅವಳು ಯಾವಾಗಲೂ ಟ್ಯೂಬ್‌ಲೈಟಿನ ಕೆಳಗೆ ಇರುತ್ತಿದ್ದಳು.

ಅವಳು ಕೈಯಲ್ಲಿದ್ದುದನ್ನು ನೋಡಿದಳು.

ಹಸಿರಿರಲಿಲ್ಲ. ನೀಲಿ, ಹಳದಿ ಯಾವುದೂ ಇರಲಿಲ್ಲ. ಬೆಳ್ಳಿಯಂಥ ಏನೋ ಇತ್ತು. ಮೊದಲು ದೊಡ್ಡ ಅಲೆ, ಅವಳಿಗೆ ಗೊತ್ತಿದ್ದದ್ದು. ಬೆರಳನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದಾಗ ಅದರ ಮೈಮೇಲೆ, ಅಡ್ಡಡ್ಡ ಅಲೆಗಳ ನೆತ್ತಿಯಿಂದ ನೆತ್ತಿಗೆ ಹಾಯುತ್ತ, ಸಣ್ಣ ಸಣ್ಣ ಸುಕ್ಕುಗಳು ಒಟ್ಟಿಗೇ ಎದ್ದು ತುದಿಯವರೆಗೆ ಓಡಿದವು, ಹಾಲಿನ ಮೇಲೆ ಊದಿದಾಗ ಕೆನೆ ನಡುಗುವ ಹಾಗೆ. ಅವಳ ತೋಳಿನ ರೋಮ ನಿಂತಿತು. ಇನ್ನೊಂದು ಕಡೆ ತಿರುಗಿಸಿದಳು. ಅವು ಹಿಂದಿರುಗಿ ಬಂದವು. ಎಷ್ಟು ಕಾಲದಿಂದ ಆ ಮರ ಯಾವುದೋ ಕಾಡಿನಲ್ಲಿ, ಸೂಜಿಯ ಮೊನೆಯಷ್ಟೂ ಬೆಳಕಿಲ್ಲದ ತನ್ನ ಒಡಲಿನಲ್ಲಿ, ಇದನ್ನು ನೂಲುತ್ತ ನಿಂತಿತ್ತು. ಯಾರು ನೋಡಲೆಂದು. ಅವಳು ಕೈಯಾರೆ ಬಣ್ಣ ಕಟ್ಟಿ ಮಾರಿದ ಪೆನ್ನುಗಳೆಲ್ಲ, ಯಾರಯಾರದೋ ಜೇಬಿನಲ್ಲಿ, ಮೇಜಿನಲ್ಲಿ, ಇದನ್ನು ಹೊತ್ತುಕೊಂಡೇ ಹೋಗಿದ್ದವು. ಕಂಡವನು ಒಬ್ಬನೇ. ಅವನು ತನಗೆ ಏನೂ ಕಾಣುವುದಿಲ್ಲವೆಂದು ತಲೆ ತಗ್ಗಿಸಿದ್ದ.

“ಕಂಡ್ತಾ?” ಅಪ್ಪ ಪಿಸುಗುಟ್ಟಿದ.

ಅವಳು ಪೆನ್ನಿನಿಂದ ಕಣ್ಣು ತೆಗೆಯದೆ ತಲೆಯಾಡಿಸಿದಳು. ಅವನಿಗೆ ಅದು ಆ ಮಬ್ಬಿನಲ್ಲೂ ಕಾಣಿಸಿತು.

“ನಿಜವಾಗ್ಲೂ? ಸಣ್ಣದು?”

“ಎರಡೂ. ಒಂದರ ಮೇಲೊಂದು.”

“ಸದ್ಯ,” ಎಂದ ಅಪ್ಪ. ಒಂದು ಉಸಿರು ಬಿಟ್ಟ, ಬಹಳ ದೂರದಿಂದ ಹೊತ್ತು ತಂದ ಮೂಟೆಯನ್ನು ಇಳಿಸಿದವನ ಹಾಗೆ. “ಅಂದ್ರೆ ಅದು ಇದೆ. ತಮಾಷೆ ಮಾಡ್ತಿದೀಯ ಅಂತ ನೀನು ಅಂದಾಗ ಭಯ ಆಯ್ತು ಕಣೇ. ಇಲ್ಲದ್ದನ್ನ ನೋಡ್ತಿದೀನೇನೋ ಅಂತ.”

ಒಳಗಿನಿಂದ ಅಜ್ಜಿ ಕಾಲೆಳೆಯುತ್ತ ಬಂದಳು, ಕೈಯಲ್ಲಿ ಸಂಜೆಯ ದೀಪ. “ಏನ್ರೋ ಇದು, ಕತ್ತಲಲ್ಲಿ ಕೂತಿದೀರಿ? ದೀಪ ಹಚ್ಚೋ ಹೊತ್ತು ಮೀರ್ತಾ ಇದೆ. ಲಕ್ಷ್ಮಿ ಬಾಗಿಲಲ್ಲಿ ಬಂದು ನಿಂತಿರ್ತಾಳೆ.”

“ಒಳಗೆ ಕರಿಯಮ್ಮ, ಅವಳೂ ನೋಡ್ಲಿ. ದೀಪ ಮಾತ್ರ ಒಂಚೂರು ಆಚೆ ಇಡು.”

“ಹುಚ್ಚು ಮರ ತಂದು ತಂದು ನೀವೂ ಹಂಗೇ ಆದ್ರಿ,” ಎಂದು ಅಜ್ಜಿ ಬಯ್ಯುತ್ತಲೇ ದೀಪವನ್ನು ಪಡಸಾಲೆಯಲ್ಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು. ಪೂರ್ವಿ ಪೆನ್ನನ್ನು ಅವಳ ಅಂಗೈಯಲ್ಲಿಟ್ಟು ಮೆಲ್ಲಗೆ ತಿರುಗಿಸಿ ತೋರಿಸಿದಳು. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು, ಹತ್ತಿರ ಹಿಡಿದಳು, ದೂರ ಹಿಡಿದಳು. ಆಮೇಲೆ ದೀಪದ ಮಾತು ಮರೆತು, ಅಲ್ಲೇ ಹೊಸ್ತಿಲ ಮೇಲೆ ಕೂತು ಅದನ್ನು ತಾನೇ ತಿರುಗಿಸತೊಡಗಿದಳು.

“ನಾಳೆ ಬೌಬಜಾರಿನೋನಿಗೆ ಏನು ಹೇಳೋದು?” ಪೂರ್ವಿ ಕೇಳಿದಳು.

ಅಪ್ಪ ಆಗಲೇ ಬಾಗಿ, ಲೇಥಿನ ಕೆಳಗೆ ತಡಕಾಡಿ ವಯರು ಹುಡುಕುತ್ತಿದ್ದ. “ಹೇಳೋದೇನು, ಫೋನ್ ಮಾಡಿ ಬೇಡ ಅನ್ನು. ಪಾಪ, ಕುರ್ಚಿ ಕಾಲಿಗೆ ಇದು ತೀರಾ ಸಣ್ಣದು ಅಂತ ನಾನು ಮೊದಲೇ ಹೇಳಬೇಕಿತ್ತು.” ಅವನ ದನಿ ನಗುತ್ತಿತ್ತು. “ಆ ಡಬ್ಬಿಯಿಂದ ಒಂದು ಚೂರು ತಗೊಂಡು ಬಾ. ಅಲೆ ಇರೋದು. ಕಣ್ಣಲ್ಲಿ ಹುಡುಕಬೇಡ, ಕೈ ಹಾಕು.”

ಅವಳು ಡಬ್ಬಿಯೊಳಗೆ ಕೈ ಹಾಕಿದಳು. ಯಾವುದೋ ಚೂರು ಬೆರಳಿಗೆ ಸಿಕ್ಕಿತು. ಅಪ್ಪ ಅದನ್ನು ಸಿಕ್ಕಿಸಿ ಗುಂಡಿ ಒತ್ತಿದ. ಆ ಕತ್ತಲಲ್ಲಿ ಲೇಥ್ ಜೇನುಹುಟ್ಟಿನಂತೆ ಗುಂಯ್‌ಗುಟ್ಟಿತು. ಅವನು ಉಳಿಯನ್ನು ಎತ್ತಲಿಲ್ಲ. ಪೂರ್ವಿಯ ತೋರುಬೆರಳನ್ನು ಹಿಡಿದು, ತಿರುಗುವ ಮರಕ್ಕೆ ತಾಗಿಯೂ ತಾಗದ ಹಾಗೆ ಇಟ್ಟ.

“ಇಲ್ಲಿ ಒತ್ತಬೇಡ,” ಎಂದ. “ಅಲೆ ಎಲ್ಲಿದೆ ಅಂತ ಮರ ತಾನೇ ಹೇಳತ್ತೆ.”